ನಮ್ಮಕ್ಕನ ಮಗಳ ನಗಿ

ನಮ್ಮಕ್ಕನ ಮಗಳು ಮೂರು ವರ್ಷದಾಕಿ ಇದ್ದಾಗಿಂದ ಸುಮ್‌ಸುಮ್ಮನ ನಗತಿದ್ಲು. ಜಮಖಂಡಿಗೆ ಹೋದಾಗ ನಾನೂ ನೋಡೀನಿ, ಹಾಲು ರೊಟ್ಟಿ ತಿನಕೋತ ಕುಂತಾಕಿ ಕೈ ಅಲ್ಲೇ ನಿಲ್ಲತಿತ್ತು, ಹತ್ತು ಹದಿನೈದು ಸೆಕೆಂಡ್ ಖಿಕ್ ಖಿಕ್ ಅಂತ ನಗಿ, ಕಣ್ಣು ಮಾತ್ರ ಎತ್ತಲಾಗೋ, ಕರದ್ರ ಓ ಅಂತಿರಲಿಲ್ಲ, ಆಮ್ಯಾಲ ಏನೂ ಆಗೇ ಇಲ್ಲ ಅನ್ನೋಹಂಗ ಮತ್ತ ತುತ್ತು ಬಾಯಾಗ. ನಿದ್ದ್ಯಾಗೂ ನಗತಿದ್ಲು. ದೇವ್ರು ನಗಸಾಕತ್ತಾನ ಅಂತ ನಮ್ಮವ್ವ ಬನಶಂಕರಿಗೆ ಹರಕಿ ಹೊತ್ಲು. ಸಾಲ್ಯಾಗ ಪ್ರಾರ್ಥನಾ ಹೊತ್ತಿನ್ಯಾಗ ನಕ್ಕಳಂತ ಹೊರಗ ನಿಲ್ಲಿಸಿದ್ರು. ಮನಿಗೆ ಬಂದು ಅಳಕೋತ "ನಾ ನಗಂಗಿಲ್ಲ ಬೇ, ಅದ ಬರ್ತೈತಿ" ಅಂದಿತ್ತು ಕೂಸು.

ಅದೂ ಒಂದು ನಮೂನಿ ಫಿಟ್ಸ್ ಅಂತ ತಿಳಿಯಾಕ ಎರಡು ವರ್ಷ ಹೋತು. ಹಸಿವಿ, ನಿದ್ದಿ, ಹಾರ್ಮೋನ್ ನೋಡಿಕೊಳ್ಳೋ ಹೈಪೋಥಲಾಮಸ್ ಅಂತ ಮೆದುಳಿನ ತಳದಾಗ ಐತಲ್ರಿ, ಅಲ್ಲೊಂದು ಸಣ್ಣ ಗಡ್ಡಿ. ಹಮಾರ್ಟೋಮಾ ಅಂತಾರ. ಹುಟ್ಟತ ಬಂದಿದ್ದು, ಕ್ಯಾನ್ಸರ್ ಅಲ್ಲ, ಹರಡಂಗಿಲ್ಲ. ಸುಮಾರು 2 ಲಕ್ಷ ಮಕ್ಕಳಾಗ ಒಬ್ರಿಗೆ ಅಂತ ಅಂದಾಜು. ಮೊದಲ ತೋರಿಸಿದ ಕಡೆ ಇಇಜಿ, ಅಂದ್ರ ತಲಿ ಮ್ಯಾಲ ವೈರ್ ಹಚ್ಚಿ ಮೆದುಳಿನ ಕರೆಂಟ್ ನೋಡೋ ಪರೀಕ್ಷಾ, ನಾರ್ಮಲ್ ಬಂತಂತ ಹಠಮಾರಿ ಕೂಸು ಅಂದು ಕಳಿಸಿದ್ರು, ಅಷ್ಟು ಆಳದಾಗ ಹುಟ್ಟೋ ಫಿಟ್ಸು ತಲಿ ಮ್ಯಾಲಿನ ಆ ವೈರ್‌ಗೆ ಭಾಳ ಸಲ ಸಿಗೋದ ಇಲ್ಲ ಅನ್ನೋದು ನಮಗೂ ಗೊತ್ತಿರಲಿಲ್ಲ.

ನನ್ನ ಸಿಟ್ಟು ಇರೋದು ಇನ್ನೊಂದಕ್ಕ. ಸರಿಯಾದ ಎರಡು ಔಷಧ ಸರಿಯಾದ ಡೋಸ್‌ನ್ಯಾಗ ಕೊಟ್ರೂ ನಿಲ್ಲದ ಫಿಟ್ಸಿಗೆ ಮುಂದ ಬರೇ ಗುಳಿಗಿ ಬದಲಿ ಮಾಡಿದ್ರ ನಿಲ್ಲೋ ಚಾನ್ಸ್ ಭಾಳ ಕಡಿಮಿ, ಅಂಥಾವ್ರನ್ನ ಆಪರೇಷನ್ ಮಾಡೋ ಸೆಂಟರಿಗೆ ಕಳಿಸಬೇಕು, ಆದ್ರ ನಮ್ಮ ಕಡೆ ವರ್ಷಗಟ್ಟಲೆ ಗುಳಿಗಿ ಬದಲಿ ಮಾಡಕೋತ ಕುಂದರತಾರ. ಗ್ಯಾಂಗ್ಲಿಯೋಗ್ಲಿಯೋಮಾ, ಡಿಎನ್‌ಇಟಿ ಅಂತ ಫಿಟ್ಸ್ ತರೋ ಇನ್ನೆರಡು ಅಪರೂಪದ ಗಡ್ಡಿ ಅದಾವ, ಹೆಚ್ಚಾಗಿ ಮೆದುಳಿನ ಕಿವಿ ಕಡೆ ಭಾಗದಾಗ, ಬಹುತೇಕ ಗ್ರೇಡ್ 1, ಅಂದ್ರ ನಿಧಾನ ಬೆಳಿಯೋವು, ಪೂರ್ತಿ ತಗದ್ರ ಭಾಳ ಮಕ್ಕಳಿಗೆ ಫಿಟ್ಸ್ ನಿಂತ ಬಿಡತಾವ. ತಲಿ ಆಪರೇಷನ್ ಅಂದ ಕೂಡ್ಲೆ ಎದಿ ಝಲ್ ಅಂತೈತಿ, ನನಗೂ ಅಂತು, ಅಪಾಯ ಇಲ್ಲಂತ ನಾ ಹೇಳಂಗಿಲ್ಲ, ಆದ್ರ ದಿನಾ ಹತ್ತು ಸಲ ಫಿಟ್ಸ್ ಬರೋ ಮೆದುಳು ಕಲಿಯೋದರಾಗ ಹಿಂದ ಬೀಳತೈತಿ, ಅದೂ ಅಪಾಯನ. ಹಮಾರ್ಟೋಮಾಕ್ಕಂತೂ ಈಗ ಸಣ್ಣ ತೂತು ಮಾಡಿ ಲೇಸರ್‌ಲೆ ಸುಡೋ ದಾರೀನೂ ಐತಿ.

ದಯಮಾಡಿ, ನಿಮ್ಮ ಕೂಸು ಕಾರಣ ಇಲ್ಲದ, ಒಂದ ನಮೂನಿ, ಮತ್ತ ಮತ್ತ ನಗತೈತಿ ಅಂದ್ರ ಬೈಬ್ಯಾಡ್ರಿ, ಮೊಬೈಲ್‌ನ್ಯಾಗ ವಿಡಿಯೋ ಮಾಡ್ರಿ, ಕಣ್ಣು ಕಾಣೋಹಂಗ. ನಮಗ ದಾರಿ ಸಿಕ್ಕಿದ್ದು ಅದರಿಂದನ. ನಮ್ಮ ಮಾವ ಫೈಲ್ ಬಿಚ್ಚಾಕ ಹೋದ್ರು, ನರರೋಗದ ಡಾಕ್ಟರ್ ಬ್ಯಾಡ ಅಂದು ಆ 14 ಸೆಕೆಂಡಿನ ವಿಡಿಯೋ ಮೂರು ಸಲ ನೋಡಿ, ಆವತ್ತ ಎಂಆರ್‌ಐ ಬರದ ಕೊಟ್ರು.