ದುಡ್ಡು ಸಮಾವೇಶಕ್ಕಲ್ಲ, ಜಿಲ್ಲೆಗೆ ಹೋಗಲಿ

ನಾನಿರುವುದು ಐರ್ಲೆಂಡಿನ ಲಿಮರಿಕ್‌ನಲ್ಲಿ. ಕರ್ನಾಟಕದ ಹೂಡಿಕೆದಾರರ ಸಮಾವೇಶಕ್ಕೆ ಹೋಗುವ ದುಡ್ಡಿನ ಮಾತಿಗೆ ಮೊದಲು ಈ ಊರಿನ ಕಥೆ ಹೇಳುತ್ತೇನೆ. 2009ರ ಜನವರಿಯಲ್ಲಿ ಡೆಲ್ ಕಂಪನಿ ಇಲ್ಲಿನ ಕಂಪ್ಯೂಟರ್ ತಯಾರಿಕೆಯನ್ನು ಪೋಲೆಂಡಿಗೆ ಒಯ್ಯುವುದಾಗಿ ಹೇಳಿತು. 1,900 ಜನರ ಕೆಲಸಕ್ಕೆ ಕುತ್ತು ಬಂತು. ಲಕ್ಷ ಜನರೂ ಇಲ್ಲದಿದ್ದ ಊರಿಗೆ ಅದು ದೊಡ್ಡ ಪೆಟ್ಟು. ಕೆಲವೇ ವರ್ಷಗಳಲ್ಲಿ ಲಿಮರಿಕ್‌ನ ರಹೀನ್‌ ಬಡಾವಣೆಯಲ್ಲಿದ್ದ ಅದೇ ಕಾರ್ಖಾನೆಯ ಜಾಗಕ್ಕೆ ಅಮೆರಿಕದ ಔಷಧ ಕಂಪನಿ ರೀಜೆನೆರಾನ್ ಬಂತು. ಇವತ್ತು ಅಲ್ಲಿ ಸಾವಿರಕ್ಕೂ ಜಾಸ್ತಿ ಜನ ದುಡಿಯುತ್ತಾರೆ.

ಇದರ ಹಿಂದೆ ಐರ್ಲೆಂಡಿನ ಐಡಿಎ ಇತ್ತು. 1949ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಅದು. ವಿದೇಶಿ ಕಂಪನಿಗಳನ್ನು ಕರೆತರುವುದೇ ಅದರ ಕೆಲಸ. ನನಗೆ ತುಂಬಾ ಹಿಡಿಸಿದ್ದು ಅದು ದುಡ್ಡು ಖರ್ಚು ಮಾಡುವ ರೀತಿ. ಡಬ್ಲಿನ್ ಬಿಟ್ಟು ಬೇರೆ ಊರುಗಳಲ್ಲೂ ಕಚೇರಿ ಇಟ್ಟಿದೆ. ಆತ್ಲೋನ್, ಸ್ಲೈಗೊ, ಟ್ರಲೀಯಂಥ ಸಣ್ಣ ಊರುಗಳಲ್ಲಿ ಕಂಪನಿ ಸಿಗುವ ಮೊದಲೇ ಸರ್ಕಾರದ ದುಡ್ಡಿನಲ್ಲಿ ಕಟ್ಟಡ ಎಬ್ಬಿಸುತ್ತದೆ. ಜಾಗ ನೋಡಲು ಬಂದವರಿಗೆ ನಕ್ಷೆ ತೋರಿಸುವುದಲ್ಲ, ಬಾಗಿಲು ತೆಗೆದು ಒಳಗೆ ಕರೆದುಕೊಂಡು ಹೋಗುವುದು. ಕಂಪನಿಗೆ ಕೊಡುವ ಸಹಾಯಧನಕ್ಕೂ ಷರತ್ತು ಇರುತ್ತದೆ. ಹೇಳಿದಷ್ಟು ಕೆಲಸ ಉಳಿಸಿಕೊಳ್ಳದಿದ್ದರೆ ದುಡ್ಡು ವಾಪಸ್ ಕೇಳಬಹುದು.

ಐರ್ಲೆಂಡಿಗೆ ಕಡಿಮೆ ತೆರಿಗೆಯ ಬಲ ಇದೆ, ನಿಜ. ಕಂಪನಿ ತೆರಿಗೆ ಇಳಿಸುವುದು ನಮ್ಮ ರಾಜ್ಯದ ಕೈಯಲ್ಲಿಲ್ಲ. ಆದರೆ ಕಟ್ಟಡ, ನೀರು, ಕರೆಂಟು, ಜಿಲ್ಲೆಯಲ್ಲೊಬ್ಬ ಜವಾಬ್ದಾರಿ ಹೊತ್ತ ಅಧಿಕಾರಿ, ಇಷ್ಟು ನಮ್ಮ ಕೈಯಲ್ಲೇ ಇದೆ ಅಲ್ವಾ?

2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೂಡಿಕೆದಾರರ ಸಮಾವೇಶ ನಡೆಯಿತು. 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಗೆ ಭರವಸೆ ಸಿಕ್ಕಿದೆ ಅಂತ ಸರ್ಕಾರ ಹೇಳಿತು. ಹೊಸ ಕೈಗಾರಿಕಾ ನೀತಿಯಲ್ಲಿ ಬೆಂಗಳೂರಿನ ಹೊರಗಿನ ತಾಲೂಕುಗಳಿಗೆ ಜಾಸ್ತಿ ರಿಯಾಯಿತಿಯೂ ಇದೆ. ಒಳ್ಳೆಯದೇ. ಆದರೆ ಬಳ್ಳಾರಿ ಜಿಲ್ಲೆಯ ಕುಡಿತಿನಿಯನ್ನು ನೆನೆದರೆ ಸಂಕಟವಾಗುತ್ತದೆ. 2010ರ ಸಮಾವೇಶದ ಹೊತ್ತಿಗೆ ಬಳ್ಳಾರಿಗೆ ಆರ್ಸೆಲರ್ ಮಿತ್ತಲ್‌ನ ದೊಡ್ಡ ಉಕ್ಕಿನ ಕಾರ್ಖಾನೆ ಬರುತ್ತದೆ ಅಂದರು. ಸುತ್ತಲಿನ ಊರುಗಳ ರೈತರಿಂದ ಸಾವಿರಾರು ಎಕರೆ ಜಮೀನು ಪಡೆದರು. ಆ ಕಾರ್ಖಾನೆ ಏಳಲೇ ಇಲ್ಲ. ಬೆಳೆ ತೆಗೆಯುತ್ತಿದ್ದ ಜಮೀನು ಹೋಯಿತು, ಮಕ್ಕಳಿಗೆ ಸಿಗಬೇಕಿದ್ದ ಕೆಲಸವೂ ಬರಲಿಲ್ಲ. 2022ರ ಡಿಸೆಂಬರಿನಲ್ಲಿ ಆ ರೈತರು ಧರಣಿ ಕೂತರು. ಇವರು ಕಳೆದುಕೊಂಡ ಇಷ್ಟು ವರ್ಷಕ್ಕೆ ಯಾರು ಹೊಣೆ?

ಸಮಾವೇಶ ಬೇಡ ಅನ್ನುತ್ತಿಲ್ಲ. ಅದರ ವೇದಿಕೆ, ಪ್ರಚಾರ, ವಿದೇಶ ರೋಡ್‌ಶೋಗಳಿಗೆ ಹೋಗುವ ದುಡ್ಡಿನಲ್ಲಿ ಒಂದು ಪಾಲು ಕಲಬುರಗಿ, ಕೊಪ್ಪಳ, ವಿಜಯಪುರದ ಕಡೆ ತಿರುಗಲಿ. ಅಲ್ಲಿ ಒಂದೊಂದು ಶೆಡ್ ಆದರೂ ನೀರು, ಕರೆಂಟಿನ ಸಮೇತ ಸಿದ್ಧವಾಗಿ ನಿಲ್ಲಲಿ. ರೈತರ ಜಮೀನು ತೆಗೆದುಕೊಂಡ ಮೇಲೆ ಕಂಪನಿ ಇಂತಿಷ್ಟು ವರ್ಷದಲ್ಲಿ ಕೆಲಸ ಶುರು ಮಾಡದಿದ್ದರೆ ಏನು ಮಾಡುತ್ತೇವೆ ಅನ್ನುವುದನ್ನು ಒಪ್ಪಂದದಲ್ಲೇ ಬರೆಯಲಿ. ಮುಂದಿನ ಸಮಾವೇಶಕ್ಕೆ ಮೊದಲು, 2025ರ ಒಪ್ಪಂದಗಳಿಂದ ಯಾವ ತಾಲೂಕಿನಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನುವ ಪಟ್ಟಿಯನ್ನು ಸರ್ಕಾರ ಊರಿನ ಹೆಸರು ಸಮೇತ ಹೊರಗಿಡಲಿ.