ಪೆನ್ಸಿಲ್ವೇನಿಯಾದ ಮನೆಶಾಲೆಗೆ ನಲಿ–ಕಲಿಯ ಏಣಿ

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ತಂದೆತಾಯಿಯರು ಪ್ರತಿ ವರ್ಷ ಆಗಸ್ಟ್ 1ರೊಳಗೆ ತಮ್ಮ ಶಾಲಾ ಜಿಲ್ಲೆಯ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರಿಗೆ ಒಂದು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಕಲಿಸುವವರು ಇಲ್ಲಿನ ಹೈಸ್ಕೂಲು, ಅಂದರೆ ನಮ್ಮ ಲೆಕ್ಕದ ಪಿಯುಸಿ, ಮುಗಿಸಿರಬೇಕು. ಮಗುವಿನ ಲಸಿಕೆಯ ಮತ್ತು ಆರೋಗ್ಯ ತಪಾಸಣೆಯ ದಾಖಲೆ ಇರಬೇಕು. ಯಾವ ವಿಷಯದಲ್ಲಿ ಏನು ಕಲಿಸಲಿದ್ದೇವೆ ಎಂಬ ಗುರಿಗಳ ಪಟ್ಟಿಯನ್ನೂ ಜೊತೆಗೆ ಲಗತ್ತಿಸಬೇಕು. ಜುಲೈ 1ರಿಂದ ಮುಂದಿನ ಜೂನ್ 30ರೊಳಗೆ 180 ದಿನ, ಇಲ್ಲವೇ ಪ್ರಾಥಮಿಕ ಹಂತದಲ್ಲಿ 900 ಗಂಟೆ ಪಾಠ ನಡೆಯಬೇಕು. ವರ್ಷದ ಕೊನೆಗೆ ಅರ್ಹತೆಯುಳ್ಳ ಮೌಲ್ಯಮಾಪಕರೊಬ್ಬರು ಮಗುವಿನೊಡನೆ ಮಾತನಾಡಿ, ದಿನಚರಿ ಪುಸ್ತಕವನ್ನೂ ಬರೆಹದ ಮಾದರಿಗಳನ್ನೂ ನೋಡಿ, ಕಲಿಕೆ ನಡೆದಿದೆ ಎಂದು ಬರೆದುಕೊಡಬೇಕು.

ಟೆಕ್ಸಾಸಿನಲ್ಲಿರುವ ಗೆಳೆಯರು ಇದನ್ನು ಕೇಳಿ ಅಯ್ಯೋ ಎನ್ನುತ್ತಾರೆ. ಅಲ್ಲಿ ಮನೆಶಾಲೆಯನ್ನು ಖಾಸಗಿ ಶಾಲೆಯೆಂದೇ ಪರಿಗಣಿಸುತ್ತಾರೆ. 1994ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಹಾಗೆ ತೀರ್ಪು ಕೊಟ್ಟಿದೆ. ವರ್ಷಕ್ಕೊಮ್ಮೆ ಯಾರಿಗೂ ಕಾಗದ ಕೊಡುವ ಗೋಜಿಲ್ಲ. ಆದರೆ ನನಗೆ ಪೆನ್ಸಿಲ್ವೇನಿಯಾದ ರೀತಿಯೇ ಇಷ್ಟ. ಲೆಕ್ಕ ಒಪ್ಪಿಸಬೇಕಾದವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ: ನಾವು ಕೊಟ್ಟ ಗುರಿಗಳ ಪಟ್ಟಿಯನ್ನೇ ಆಧಾರ ಮಾಡಿಕೊಂಡು, ನೀವು ನಿಯಮ ಮೀರಿದ್ದೀರಿ ಎಂದು ಸೂಪರಿಂಟೆಂಡೆಂಟರು ತೀರ್ಮಾನಿಸುವಂತಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ಯೋಜನೆ ಬರೆಯಿರಿ, ಬೇಕಾದಂತೆ ಬದಲಿಸಿಕೊಳ್ಳಿ ಎಂಬ ಈ ಔದಾರ್ಯ ಎಷ್ಟು ದೊಡ್ಡದು ಎಂಬುದು ಚಿಕ್ಕ ಮಕ್ಕಳಿರುವ ಮನೆಯವರಿಗೆ ಚೆನ್ನಾಗಿ ಗೊತ್ತು.

ನಾವಿರುವುದು ಹ್ಯಾರಿಸ್‌ಬರ್ಗ್ ಸಮೀಪ. ಮೂವರು ಮಕ್ಕಳು: ಎರಡನೇ ತರಗತಿಯ ವಯಸ್ಸಿನ ಮಗ, ಐದು ವರ್ಷದ ಮಗಳು, ಒಂದೂವರೆ ವರ್ಷದ ಪುಟ್ಟಿ. ಇಲ್ಲಿ ಕಡ್ಡಾಯ ಶಿಕ್ಷಣ ಶುರುವಾಗುವುದು ಆರು ವರ್ಷಕ್ಕೆ. ಹಾಗಾಗಿ ಕಾನೂನಿನ ಪ್ರಕಾರ ನಮ್ಮ ಮನೆಯಲ್ಲಿ ವಿದ್ಯಾರ್ಥಿ ಒಬ್ಬನೇ. ಹೆಂಡತಿಗೆ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಹನ್ನೆರಡು ಗಂಟೆಯ ಪಾಳಿ. ನನ್ನದು ಮನೆಯಿಂದಲೇ ಮಾಡುವ ಕೆಲಸ, ಮಧ್ಯಾಹ್ನದ ಮೇಲೆ. ಯೋಜನೆ ಏನೇ ಇದ್ದರೂ ಇದರೊಳಗೆ ಕೂರಬೇಕು.

ಹೊಸ ವರ್ಷದ ತಯಾರಿ ಎಂದರೆ ಇಲ್ಲಿ ಹೆಚ್ಚಿನವರಿಗೆ ಪಠ್ಯದ ಪೆಟ್ಟಿಗೆ ಕೊಳ್ಳುವುದು. ಪೆಟ್ಟಿಗೆಯ ಮೇಲೆ ತರಗತಿಯ ಅಂಕಿ, ಒಳಗೆ 36 ವಾರಗಳಿಗೆ ಹಂಚಿದ ಪಾಠಗಳು, ಪ್ರತಿ ದಿನ ಏನು ಹೇಳಬೇಕೆಂದು ಬರೆದ ಕೈಪಿಡಿ. ವಾರಕ್ಕೆ ಐದು ದಿನ ಹಿಡಿದರೆ ಸರಿಯಾಗಿ 180. ಒಂದೇ ಮಗುವಿರುವ ಮನೆಗೆ ಇದು ಸರಿಹೋಗಬಹುದು. ಇಬ್ಬರಿಗೆ ಎರಡು ಪೆಟ್ಟಿಗೆ ತಂದರೆ, ಒಂದೇ ಅಡುಗೆಮನೆಯ ಮೇಜಿನ ಮೇಲೆ ಎರಡು ಶಾಲೆ ನಡೆಸಬೇಕಾಗುತ್ತದೆ. ಪುಟ್ಟಿಗೆ ಜ್ವರ ಬಂದ ವಾರ ಎರಡೂ ನಿಲ್ಲುತ್ತವೆ. ಆಮೇಲೆ ಹಿಂದೆ ಬಿದ್ದೆವೆಂಬ ಆತಂಕ ಶುರು. ಅಕ್ಟೋಬರಿನ ಹೊತ್ತಿಗೆ ಎಷ್ಟೋ ತಾಯಂದಿರು ಸೋತು ಹೋಗುತ್ತಾರೆ. ಅವರು ಸೋಮಾರಿಗಳಲ್ಲ, ತಿಳಿಯದವರೂ ಅಲ್ಲ. ಪೆಟ್ಟಿಗೆ ಮಾಡಿದವರು ಮನೆಯಲ್ಲೊಂದು ತೊಟ್ಟಿಲಿರಬಹುದು ಎಂದು ಯೋಚಿಸಿಯೇ ಇಲ್ಲ.

ನನ್ನ ಅಕ್ಕ ಮೈಸೂರು ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ನಲಿ–ಕಲಿ ಟೀಚರ್. ಜೂನ್ ತಿಂಗಳಲ್ಲಿ ಇಲ್ಲಿನ ಮಕ್ಕಳಿಗೆ ರಜೆ, ಅಲ್ಲಿ ಶಾಲೆ ಆಗಷ್ಟೇ ತೆರೆದಿರುತ್ತದೆ. ಊರಿಗೆ ಹೋದಾಗ ಅವಳ ತರಗತಿಯ ಹಿಂದೆ ಕೂತು ನೋಡಿದ್ದೇನೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕುಳಿತಿದ್ದರು. ಹುಡುಗಿಯೊಬ್ಬಳು ಬಂದವಳೇ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಪಟದಲ್ಲಿ, ತಾನು ನಿಂತಿರುವ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿದಳು. ಅಲ್ಲಿದ್ದ ಗುರುತಿನ ಕಾರ್ಡನ್ನು ತೆಗೆದುಕೊಂಡು ಆ ಗುಂಪಿನಲ್ಲಿ ಹೋಗಿ ಕುಳಿತಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಒಂದಕ್ಕೆ ಅರೆಬರೆ ಸಹಾಯ, ಒಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಸ್ವಕಲಿಕೆ. ವಾರಗಟ್ಟಲೆ ಗೈರಾದ ಮಗು ಮರಳಿ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಇದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು. ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ತಾವೇ ಕಾರ್ಡುಗಳನ್ನು ಮಾಡಿ ಬೆಳೆಸಿದರು. 2009–10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಶಿಕ್ಷಕರು ಒಬ್ಬಿಬ್ಬರು, ಮಕ್ಕಳು ಬೇರೆ ಬೇರೆ ವಯಸ್ಸಿನವರು, ಹಾಜರಾತಿ ಏರುಪೇರು. ಆ ಪರಿಸ್ಥಿತಿಗೆಂದೇ ಹುಟ್ಟಿದ ಪದ್ಧತಿ ಅದು. ಚಿಕ್ಕ ಮಕ್ಕಳಿರುವ ಮನೆಶಾಲೆಯ ಪರಿಸ್ಥಿತಿಯೂ ಅದೇ ಅಲ್ಲವೇ?

ಆದ್ದರಿಂದ ಈ ವರ್ಷ ನಮ್ಮ ಯೋಜನೆ ತರಗತಿಯ ಮೇಲೆ ನಿಂತಿಲ್ಲ, ಏಣಿಯ ಮೇಲೆ ನಿಂತಿದೆ. ಇಂಗ್ಲಿಷ್ ಓದಿಗೆ ಒಂದು, ಗಣಿತಕ್ಕೆ ಒಂದು, ಕನ್ನಡಕ್ಕೆ ಒಂದು. ಮಗ ಇಂಗ್ಲಿಷಿನಲ್ಲಿ ದಪ್ಪ ಕಥೆ ಪುಸ್ತಕ ಓದುತ್ತಾನೆ, ಆ ಏಣಿಯಲ್ಲಿ ಅವನು ಎತ್ತರದಲ್ಲಿದ್ದಾನೆ. ಕನ್ನಡದಲ್ಲಿ ಅವನೂ ತಂಗಿಯೂ ಒಂದೇ ಮೆಟ್ಟಿಲು. ನಲಿ–ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲವೂ ಓದಲು ಬರುತ್ತವೆ. ಅಕ್ಕ ಕಳಿಸಿದ ಫೋಟೋಗಳನ್ನು ನೋಡಿಕೊಂಡು ನಾವು ದಪ್ಪ ಕಾಗದದಲ್ಲಿ ಕಾರ್ಡುಗಳನ್ನು ಬರೆದೆವು. ಮಗಳು ‘ಗರಗಸ’ವನ್ನು ಅಣ್ಣನಿಗಿಂತ ಮೊದಲು ಓದಿದಳು. ಅವನಿಗೆ ಅದು ಅವಮಾನವಾಗಲಿಲ್ಲ. ಇವಳು ಒಂದನೇ ತರಗತಿ, ನೀನು ಎರಡನೆಯದು ಎಂಬ ಹಣೆಪಟ್ಟಿ ಆ ಮೇಜಿನ ಮೇಲೆ ಇರಲಿಲ್ಲವಲ್ಲ. ಗರಗಸ ಎಂದರೇನು ಎಂದು ಇಬ್ಬರೂ ಕೇಳಿದರು. ಗ್ಯಾರೇಜಿಗೆ ಹೋಗಿ ತೋರಿಸಿದೆ.

ಯೋಜನೆಯನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, ‘ಪುಟ್ಟಿ ಎಷ್ಟು ಹೊತ್ತಿಗೆ ಮಲಗುತ್ತಾಳೆ? ಮೊದಲು ಅದನ್ನು ಬರೆದುಕೊಳ್ಳೋ’ ಎಂದು. ಹಾಗೇ ಮಾಡಿದ್ದೇವೆ. ಬೆಳಿಗ್ಗೆ ಎರಡು ಗಂಟೆ ಏಣಿಯ ಕೆಲಸ. ಪುಟ್ಟಿ ಪಕ್ಕದಲ್ಲೇ ಸ್ಟೀಲ್ ಡಬ್ಬಿ, ಚಮಚಗಳೊಂದಿಗೆ ಕೂತಿರುತ್ತಾಳೆ. ಅವಳು ಮಧ್ಯಾಹ್ನ ಮಲಗಿದ ಮೇಲೆ ಕತ್ತರಿ, ಅಂಟು, ಬಣ್ಣ ಹೊರಗೆ ಬರುತ್ತವೆ. ತಾಯಿಯ ಪಾಳಿಯ ದಿನಗಳಲ್ಲಿ ಓದು ಮತ್ತು ಹೊರಗಿನ ಓಡಾಟ ಮಾತ್ರ. ಅಕ್ಕ ಕೊಟ್ಟ ಎಚ್ಚರಿಕೆ ಇನ್ನೊಂದು: ಏಣಿಯನ್ನು ಗೋಡೆಗೆ ಅಂಟಿಸಿದರೆ ಸಾಲದು, ಯಾರು ಎಲ್ಲಿದ್ದಾರೆ ಎಂದು ದಿನವೂ ಗುರುತು ಹಾಕದಿದ್ದರೆ ಹದಿನೈದು ದಿನಗಳಲ್ಲಿ ಎಲ್ಲವೂ ಕಲಸುಮೇಲೋಗರ. ಪೆನ್ಸಿಲ್ವೇನಿಯಾ ಕೇಳುವ ದಿನಚರಿ ಪುಸ್ತಕ ನಮಗೆ ಒದಗುವುದು ಇಲ್ಲಿಯೇ. ಸರ್ಕಾರಕ್ಕೆ ಬರೆಯುವ ಸಾಲೂ ನಮ್ಮ ಗುರುತೂ ಒಂದೇ ಆಗುತ್ತದೆ.

ಉಳಿದ ವಿಷಯಗಳು ಮೂವರಿಗೂ ಒಟ್ಟಿಗೆ. ಕಾನೂನಿನ ಪಟ್ಟಿಯಲ್ಲಿ ಭೂಗೋಳ, ಪೆನ್ಸಿಲ್ವೇನಿಯಾದ ಇತಿಹಾಸ, ಸಂಗೀತ, ಚಿತ್ರಕಲೆಗಳ ಜೊತೆ ಬೆಂಕಿಯ ಅಪಾಯದ ಬಗ್ಗೆ ನಿಯಮಿತ ಪಾಠವೂ ಇದೆ. ಒಣಮೆಣಸಿನಕಾಯಿಯ ಒಗ್ಗರಣೆಗೆ ಹೊಗೆಯ ಅಲಾರಂ ಕೂಗಿದ ದಿನ ಅದನ್ನೇ ಪಾಠ ಮಾಡಿದೆವು: ಏನನ್ನೂ ಎತ್ತಿಕೊಳ್ಳದೆ ಹೊರಗೆ, ಅಂಚೆ ಪೆಟ್ಟಿಗೆಯ ಬಳಿ ನಿಲ್ಲುವುದು, ತಲೆ ಎಣಿಸುವುದು. ಭೂಗೋಳಕ್ಕೆ ಸಸ್ಕ್ವಹಾನಾ ನದಿ ಮನೆಯ ಹತ್ತಿರವೇ ಇದೆ. ಅದು ಚೆಸಪೀಕ್ ಕೊಲ್ಲಿ ಸೇರುವುದನ್ನೂ ಕಾವೇರಿ ಬಂಗಾಳ ಕೊಲ್ಲಿ ಸೇರುವುದನ್ನೂ ಒಂದೇ ವಾರದಲ್ಲಿ ಹೇಳುತ್ತೇವೆ.

ಹೀಗೆ ವಯಸ್ಸು ಬೆರೆಸಿ ಕಲಿಸುವುದು ಅಮೆರಿಕಕ್ಕೂ ಹೊಸದಲ್ಲ. ಇಲ್ಲಿಂದ ಕಾರಿನಲ್ಲಿ ಹೊರಟರೆ ಸಿಗುವ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಆಧುನಿಕ ಸೌಕರ್ಯಗಳಿಂದ ದೂರವಿದ್ದು ಸರಳವಾಗಿ ಬಾಳುವ ಕ್ರೈಸ್ತ ಪಂಗಡವಾದ ಆಮಿಶ್ ಜನರ ಒಂದೇ ಕೋಣೆಯ ಶಾಲೆಗಳು ಇಂದಿಗೂ ನಡೆಯುತ್ತಿವೆ. ಎಂಟು ತರಗತಿಗೆ ಒಬ್ಬರೇ ಟೀಚರ್. ಮಾಂಟೆಸ್ಸರಿ ಶಾಲೆಯಲ್ಲೂ ಮೂರರಿಂದ ಆರು ವರ್ಷದವರು ಒಟ್ಟಿಗೇ ಇರುತ್ತಾರೆ. ಅದಕ್ಕೆ ಇಲ್ಲಿನ ನಮ್ಮವರು ಸಾಲ ಮಾಡಿಯಾದರೂ ಶುಲ್ಕ ಕಟ್ಟುತ್ತಾರೆ. ತಮ್ಮದೇ ನಾಡಿನ ಸರ್ಕಾರಿ ಶಾಲೆಯ ನಲಿ–ಕಲಿ ಪದ್ಧತಿಯನ್ನು ಮಾತ್ರ ಬರೀ ಆಟ ಎಂದು ತಳ್ಳಿಹಾಕುತ್ತಾರೆ. ನನಗೆ ಇದು ನಿಜಕ್ಕೂ ನೋವು ತರುವ ವಿಷಯ.

ಕರ್ನಾಟಕದಲ್ಲಿ ಮನೆಯಲ್ಲೇ ಕಲಿಸುವ ಕುಟುಂಬಗಳ ಪಾಡು ಬೇರೆ. ಪದ್ಧತಿ ಕೈಗೆಟಕುವಷ್ಟು ಹತ್ತಿರದಲ್ಲಿದೆ, ಆದರೆ ಕಾನೂನಿನಲ್ಲಿ ಅವರಿಗೆ ಜಾಗವಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರನ್ನೆಲ್ಲ ಶಾಲೆಯ ಲೆಕ್ಕದಲ್ಲೇ ನೋಡುತ್ತದೆ. ಮನೆಯಲ್ಲಿ ಕಲಿಯುವ ಮಗುವಿನ ಬಗ್ಗೆ ಅದರಲ್ಲಿ ಮಾತಿಲ್ಲ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು. ಅದಕ್ಕೂ ಮೊದಲಿನ ವರ್ಷಗಳಲ್ಲಿ, ಇಗೋ ನಮ್ಮ ಯೋಜನೆ, ನೋಡಿ ಎಂದು ಕೊಡಲು ಬ್ಲಾಕ್ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಒಂದು ಅರ್ಜಿ ನಮೂನೆಯಾದರೂ ಇರಬೇಕು. ವರ್ಷಕ್ಕೊಮ್ಮೆ ಶಿಕ್ಷಕರೊಬ್ಬರು ಮಗುವಿನೊಡನೆ ಅರ್ಧ ಗಂಟೆ ಮಾತನಾಡಿ ಸಹಿ ಹಾಕುವ ವ್ಯವಸ್ಥೆ ಬರಬೇಕು. ಮಗುವಿಗೂ ಅದು ರಕ್ಷಣೆ.

ನಮ್ಮ ಮುಂದೆ ಒಂದು ಕಷ್ಟ ಉಳಿದಿದೆ. ಪೆನ್ಸಿಲ್ವೇನಿಯಾ ಮೂರು, ಐದು ಮತ್ತು ಎಂಟನೇ ತರಗತಿಗಳಲ್ಲಿ ಓದು ಮತ್ತು ಗಣಿತಕ್ಕೆ ಪರೀಕ್ಷೆ ಕೇಳುತ್ತದೆ, ಮುಂದಿನ ವರ್ಷ ಮಗ ಮೂರನೆಯದಕ್ಕೆ ಬರುತ್ತಾನೆ. ಪರೀಕ್ಷೆಗೆ ಏಣಿ ಗೊತ್ತಿಲ್ಲ, ತರಗತಿ ಮಾತ್ರ ಗೊತ್ತು. ಇಂಗ್ಲಿಷಿನಲ್ಲಿ ಚಿಂತೆಯಿಲ್ಲ; ಗಣಿತದಲ್ಲಿ ಗಡಿಯಾರ ಇಟ್ಟು ಬರೆಯುವ ಅಭ್ಯಾಸವನ್ನು ಜನವರಿಯಿಂದ ಮಾಡಿಸಬೇಕು. ಆ ಸಮಯವನ್ನು ಕನ್ನಡದಿಂದ ಕಿತ್ತುಕೊಳ್ಳುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಕನ್ನಡವನ್ನು ಯಾರೂ ಪರೀಕ್ಷಿಸುವುದಿಲ್ಲ. ಅದಕ್ಕೇ ಮುಂದಿನ ವರ್ಷದ ವೇಳಾಪಟ್ಟಿಯಲ್ಲಿ ಕನ್ನಡದ ದಿನಗಳನ್ನು ಮೊದಲು ಬರೆಯುತ್ತೇವೆ, ಪರೀಕ್ಷೆಯ ತಯಾರಿಯನ್ನು ಉಳಿದ ಜಾಗದಲ್ಲಿ.