ಅಡಿ ಲೆಕ್ಕ ನಮ್ಮಲ್ಲೂ ಇದೆ, ಅದರ ಮುಂದಿನ ಸಾಲು ಇಲ್ಲ

ಅಮೆರಿಕದ ಅರಿಜೋನಾದವರೂ ಜಲಾಶಯವನ್ನು ಅಡಿಯಲ್ಲೇ ಲೆಕ್ಕ ಹಾಕುತ್ತಾರೆ ಎಂದು ತಿಳಿದರೆ ಮಂಡ್ಯ ಕಡೆಯವರಿಗೆ ಖುಷಿಯಾಗುತ್ತದೆ. ನಮ್ಮ ಬಾಯಲ್ಲಿ ಕೆಆರ್‌ಎಸ್‌ನ 124.80, ಇವರ ಬಾಯಲ್ಲಿ ಕೊಲೊರಾಡೊ ನದಿಯ ಜಲಾಶಯ ಲೇಕ್ ಮೀಡ್‌ನ 1,075. ಆದರೆ ನಮ್ಮದು ತುಂಬಿದ ಗುರುತು, ಇವರದು ಎಚ್ಚರಿಕೆಯ ಗುರುತು.

ಆಗಸ್ಟ್ ಮಧ್ಯದಲ್ಲಿ ಕೊಲೊರಾಡೊ ನದಿಯ 24 ತಿಂಗಳ ಮುನ್ನೋಟ ಬರುತ್ತದೆ. 2026ರವರೆಗಿನ ನಿಯಮದಂತೆ, ಬರುವ ಜನವರಿ 1ಕ್ಕೆ ಮೀಡ್‌ನ ಮಟ್ಟ 1,075 ಅಡಿಗೆ ಇಳಿಯುತ್ತದೆ ಎಂದು ಲೆಕ್ಕ ಸಿಕ್ಕರೆ ಕೊರತೆ ಘೋಷಣೆ. 1,050 ಮತ್ತು 1,025ಕ್ಕೆ ಕಡಿತ ಇನ್ನೂ ಹೆಚ್ಚು. 2021ರಲ್ಲಿ ಮೊದಲ ಸಲ ಹಾಗಾಯಿತು. 2022ಕ್ಕೆ ಅರಿಜೋನಾ ಕಳೆದುಕೊಂಡದ್ದು 5,12,000 ಎಕರೆ-ಅಡಿ, ಅಂದರೆ ಸುಮಾರು 22 ಟಿಎಂಸಿ. ಪಿನಾಲ್ ಕೌಂಟಿಯ ಹತ್ತಿ ಬೆಳೆಗಾರರಿಗೆ ಪೆಟ್ಟು ಜೋರಾಗಿಯೇ ಬಿತ್ತು. ಆದರೆ ನಾಲ್ಕು ತಿಂಗಳು ಮೊದಲೇ ಗೊತ್ತಿತ್ತು.

ಕಾವೇರಿಯಲ್ಲಿ? ಸಾಮಾನ್ಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕು ಎಂದು 2018ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾಗಿದೆ. ಮಳೆ ಕೈಕೊಟ್ಟಾಗ ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ಈ ನಾಲ್ಕು ಜಲಾಶಯಗಳ ಒಳಹರಿವನ್ನು 30 ವರ್ಷದ ಸರಾಸರಿಗೆ ಹೋಲಿಸಿ ಕೊರತೆ ಎಷ್ಟೆಂದು ನೋಡುತ್ತಾರೆ. ಅಷ್ಟು ಹೊತ್ತಿಗೆ ಒಟ್ಲು ಹಾಕಿ ನಾಟಿಯೂ ಆಗಿರುತ್ತದೆ. 2023ರಲ್ಲಿ 195 ತಾಲ್ಲೂಕುಗಳು ಬರಪೀಡಿತ ಎಂಬ ಆದೇಶ ಬಂದದ್ದು ಸೆಪ್ಟೆಂಬರ್ 13ಕ್ಕೆ. ಮಳೆ ಕೊರತೆ, ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರ, ಮಣ್ಣಿನ ತೇವ, ಆಮೇಲೆ ಶೇ 10ರಷ್ಟು ಹಳ್ಳಿಗಳಲ್ಲಿ ಹೊಲ ಪರಿಶೀಲನೆ: ಇದೆಲ್ಲ ಪರಿಹಾರಕ್ಕೆ ಬೇಕು, ನಿಜ. ಯಾವ ಬೆಳೆ ಇಡಬೇಕು ಎಂದು ಕೇಳುವ ರೈತನಿಗೆ ಇದರಿಂದ ಉತ್ತರ ಸಿಗುವುದಿಲ್ಲ.

ಕೊಳ್ಳಕ್ಕೆಲ್ಲ ಒಂದೇ ಸರಾಸರಿ ತೆಗೆಯುವುದು ಇನ್ನೊಂದು ತಪ್ಪು. ಮಂಡ್ಯದಲ್ಲಿ ಮಳೆ ಹೊಡೆದರೆ ಕೆಆರ್‌ಎಸ್ ತುಂಬುವುದಿಲ್ಲ, ಕೊಡಗಿನಲ್ಲಿ ಹೊಡೆಯಬೇಕು. ಕಬಿನಿಗೆ ವಯನಾಡು. ಹಾಗಾಗಿ ಜಲಾನಯನಕ್ಕೆ ಒಂದು ಮಳೆ ಸೂಚ್ಯಂಕ (ಮಳೆ ವಾಡಿಕೆಗಿಂತ ಎಷ್ಟು ಹೆಚ್ಚು ಕಡಿಮೆ ಎಂಬ ಅಳತೆ, ವಾಡಿಕೆಯಷ್ಟಾದರೆ ಸೊನ್ನೆ), ಅಚ್ಚುಕಟ್ಟಿಗೆ ಇನ್ನೊಂದು ಬೇಕು. ಎರಡಕ್ಕೂ ಕನಿಷ್ಠ 30 ವರ್ಷದ ತಿಂಗಳ ಮಳೆ ಅಂಕಿ ಇರಲಿ. ಬೆಳೆಗೆ 3 ತಿಂಗಳ ಸೂಚ್ಯಂಕ, ಜಲಾಶಯಕ್ಕೆ 12 ತಿಂಗಳದು. −1ಕ್ಕಿಂತ ಕೆಳಗೆ ಬರ, −1.5ಕ್ಕೆ ತೀವ್ರ, −2ಕ್ಕೆ ಅತಿ ತೀವ್ರ. ಆಮೇಲೆ, ಅಂಥ ವರ್ಷಗಳಲ್ಲಿ ಜುಲೈ ಕೊನೆಗೆ ಎಷ್ಟು ನೀರು ಬಂದಿತ್ತು ಎಂದು ಹೊಂದಿಸಿ ನೋಡಬೇಕು. ಎಡವುವುದು ಇಲ್ಲೇ: ಕೆಆರ್‌ಎಸ್‌ನ ಒಳಹರಿವು ಬರೀ ಮಳೆಯ ಲೆಕ್ಕವಲ್ಲ. ಮೇಲೆ ಹೇಮಾವತಿ, ಹಾರಂಗಿ ಹಿಡಿದಿಟ್ಟದ್ದನ್ನೂ ಅಲ್ಲಿನ ನಾಲೆಗಳಿಗೆ ಬಿಟ್ಟದ್ದನ್ನೂ ಕೂಡಿಸದಿದ್ದರೆ ಒಳ್ಳೆಯ ಮಳೆಯ ವರ್ಷವೂ ಬರದಂತೆ ಕಾಣುತ್ತದೆ.

ಒಪ್ಪಬೇಕಾದ್ದೂ ಇದೆ. ಕೊಲೊರಾಡೊದ ನೀರು ಚಳಿಗಾಲದ ಹಿಮದಲ್ಲಿ ಮೊದಲೇ ಕೂತಿರುತ್ತದೆ, ಅಳೆಯಬಹುದು. ಮೀಡ್, ಅದರ ಮೇಲಿನ ಪೊವೆಲ್ ಜಲಾಶಯ ಎರಡೂ ಸೇರಿ ಹಲವು ವರ್ಷಗಳ ಹರಿವು ಹಿಡಿಸುತ್ತವೆ. ನಮ್ಮ ನಾಲ್ಕರ ಒಟ್ಟು ಸಾಮರ್ಥ್ಯ 114.57 ಟಿಎಂಸಿ. ಇವರು ನದಿಯಲ್ಲಿ ಇಲ್ಲದ ನೀರನ್ನು 1922ರಲ್ಲೇ ಹಂಚಿಕೊಂಡವರು ಕೂಡ. ನಮ್ಮಲ್ಲಾದರೋ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆ ಅಂಕಿಗಳನ್ನೇ ಹಿಡಿದು ನೀರಾವರಿ ಸಲಹಾ ಸಮಿತಿ ನಾಟಿಗೆ ಮೊದಲೇ ಹೇಳಲಿ: ನಾಲ್ಕೂ ಜಲಾಶಯ ಸೇರಿ ಇಷ್ಟು ಟಿಎಂಸಿ ಇದ್ದರೆ ಭತ್ತ, ಇಷ್ಟಾದರೆ ರಾಗಿ, ಅದಕ್ಕೂ ಕಡಿಮೆಯಾದರೆ ನಿಂತ ಕಬ್ಬಿಗೆ ಮಾತ್ರ ಕಟ್ಟು ನೀರು, ಅಂದರೆ ಸರದಿಯಲ್ಲಿ ಬಿಟ್ಟು ಬಿಟ್ಟು ಕೊಡುವ ನೀರು.